ಷೇರು ವ್ಯವಹಾರದ ಕಾಲನಿರ್ಣಯ ಮತ್ತು ಆರ್‌ಎಸ್‌ಐ ಸೂಚಕ: ವರ್ತಕರು ತಿಳಿದಿರಬೇಕಾದ ಅಂಶಗಳು

ವ್ಯಾಪಾರದಲ್ಲಿ ಬೆಲೆಯಷ್ಟೇ ಕಾಲವೂ ಮುಖ್ಯವೆಂಬುದನ್ನು ವರ್ತಕರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿಯಾಗಲಿ, ಶಿರಸಿಯ ಅಡಿಕೆಯಾಗಲಿ, ಆವಕ ಹೆಚ್ಚಿದಾಗ ಕೊಳ್ಳುವವನ ಲಾಭವೂ ಆವಕ ಕುಗ್ಗಿದಾಗ ಕೊಳ್ಳುವವನ ಲಾಭವೂ ಒಂದೇ ಆಗಿರುವುದಿಲ್ಲ. ಈ ಅನುಭವವುಳ್ಳ ನಮ್ಮ ಸದಸ್ಯರಲ್ಲಿ ಅನೇಕರು ಇತ್ತೀಚಿನ ವರ್ಷಗಳಲ್ಲಿ ಷೇರು ಪೇಟೆಯತ್ತಲೂ ಗಮನ ಹರಿಸಿದ್ದಾರೆ. ಮೊಬೈಲ್ ದೂರವಾಣಿಯಲ್ಲಿಯೇ ಬೆಲೆಯ ನಕ್ಷೆಗಳು ದೊರೆಯುತ್ತಿರುವುದರಿಂದ, ನಕ್ಷೆಯ ಕೆಳಭಾಗದಲ್ಲಿ ಓಡಾಡುವ ಒಂದು ಗೆರೆಯನ್ನು ನೋಡಿ ಕೊಳ್ಳುವ ಮತ್ತು ಮಾರುವ ಅಭ್ಯಾಸವೂ ಬೆಳೆದಿದೆ. ಆ ಗೆರೆಯ ಹೆಸರು ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಅಂದರೆ ಸಾಪೇಕ್ಷ ಬಲ ಸೂಚ್ಯಂಕ, ಸಂಕ್ಷಿಪ್ತವಾಗಿ ಆರ್‌ಎಸ್‌ಐ.

ಈ ಸೂಚಕವನ್ನು ಲೆಕ್ಕ ಹಾಕುವ ಕ್ರಮ, ಅದು ತಿಳಿಸುವ ಮತ್ತು ತಿಳಿಸದ ಸಂಗತಿಗಳು, ಹಾಗೂ ಅದನ್ನು ಅನುಸರಿಸಿ ನಡೆಸಿದ ವ್ಯವಹಾರದ ಕೊನೆಯಲ್ಲಿ ವರ್ತಕನ ಕೈಯಲ್ಲಿ ಉಳಿಯುವ ನಿಜವಾದ ಮೊತ್ತ, ಈ ಮೂರನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಆವೇಗ ಎಂದರೇನು?

ಮೇಲಕ್ಕೆ ಎಸೆದ ಚೆಂಡು ಹಿಂದಿರುಗುವ ಮುನ್ನ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ಚೆಂಡು ಇನ್ನೂ ಏರುತ್ತಿರುವಾಗಲೇ ಅದರ ವೇಗ ಇಳಿಯುತ್ತಿರುತ್ತದೆ. ಷೇರಿನ ಬೆಲೆಯೂ ಹಲವು ವೇಳೆ ಹೀಗೆಯೇ ವರ್ತಿಸುತ್ತದೆ ಎಂಬ ಕಲ್ಪನೆಯ ಮೇಲೆ ಆವೇಗ ಸೂಚಕಗಳು ನಿಂತಿವೆ. ಬೆಲೆ ಎಷ್ಟಿದೆ ಎಂಬುದನ್ನು ಇವು ಅಳೆಯುವುದಿಲ್ಲ. ಯಾವ ರಭಸದಿಂದ ಚಲಿಸುತ್ತಿದೆ ಎಂಬುದನ್ನು ಅಳೆಯುತ್ತವೆ.

ಆರ್‌ಎಸ್‌ಐ ಸೂಚಕವನ್ನು ರೂಪಿಸಿದವರು ಅಮೆರಿಕದ ಜೆ. ವೆಲ್ಲೆಸ್ ವೈಲ್ಡರ್. ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದ ಅವರು ಸರಕು ವಾಯಿದೆ ಪೇಟೆಯ ವ್ಯವಹಾರದಲ್ಲಿ ತೊಡಗಿದ್ದರು. 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಈ ಸೂಚಕವನ್ನು ವಿವರಿಸಿದರು. ಕಂಪ್ಯೂಟರುಗಳು ವ್ಯಾಪಕವಾಗಿರದಿದ್ದ ಆ ಕಾಲದಲ್ಲಿ ಕಾಗದ ಮತ್ತು ಲೆಕ್ಕಯಂತ್ರದ ನೆರವಿನಿಂದ ಪ್ರತಿದಿನ ಮಾಡಬಹುದಾದ ಲೆಕ್ಕವಾಗಿ ಅದನ್ನು ರೂಪಿಸಲಾಗಿತ್ತು. ಆದುದರಿಂದ ವರ್ತಕರು ಅದನ್ನು ಕೈಯಿಂದಲೇ ಒಮ್ಮೆ ಲೆಕ್ಕ ಹಾಕಿ ನೋಡುವುದು ಕಷ್ಟವೇನಲ್ಲ. ಹಾಗೆ ಮಾಡಿದವರಿಗೆ ಅದರ ಇತಿಮಿತಿಗಳೂ ತಾನಾಗಿಯೇ ತಿಳಿಯುತ್ತವೆ.

ಲೆಕ್ಕಾಚಾರದ ಕ್ರಮ

ಒಂದು ಕಾಲ್ಪನಿಕ ಷೇರನ್ನು ತೆಗೆದುಕೊಳ್ಳೋಣ. ಅದರ ಆರಂಭದ ಮುಕ್ತಾಯ ಬೆಲೆ 200 ರೂಪಾಯಿ. ನಂತರದ 14 ವಹಿವಾಟು ದಿನಗಳಲ್ಲಿ ಅದರ ಮುಕ್ತಾಯ ಬೆಲೆಯಲ್ಲಿ ಆದ ಬದಲಾವಣೆಗಳು, ರೂಪಾಯಿಗಳಲ್ಲಿ, ಹೀಗಿವೆ:

+4, +3, −2, +5, +1, −3, +4, +2, −1, +3, +5, −2, +6, +3

ಏರಿಕೆಗಳ ಒಟ್ಟು ಮೊತ್ತ: 36 ರೂಪಾಯಿ
ಇಳಿಕೆಗಳ ಒಟ್ಟು ಮೊತ್ತ: 8 ರೂಪಾಯಿ
ಸರಾಸರಿ ಏರಿಕೆ: 36 ÷ 14 = 2.57
ಸರಾಸರಿ ಇಳಿಕೆ: 8 ÷ 14 = 0.57
ಸಾಪೇಕ್ಷ ಬಲ, ಅಂದರೆ ಆರ್‌ಎಸ್: 36 ÷ 8 = 4.5
ಆರ್‌ಎಸ್‌ಐ = 100 − [100 ÷ (1 + 4.5)] = 81.8

ಇದೇ ಉತ್ತರವನ್ನು ಇನ್ನೂ ಸರಳವಾಗಿ ಪಡೆಯಬಹುದು. ಏರಿಕೆ, ಇಳಿಕೆಗಳೆರಡನ್ನೂ ಕೂಡಿದರೆ ಒಟ್ಟು ಚಲನೆ 44 ರೂಪಾಯಿ. ಅದರಲ್ಲಿ ಏರಿಕೆಯ ಪಾಲು 36, ಅಂದರೆ ಶೇಕಡಾ 81.8. ಆರ್‌ಎಸ್‌ಐ ಎಂಬುದು ಒಟ್ಟು ಚಲನೆಯಲ್ಲಿ ಏರಿಕೆಯ ಶೇಕಡಾವಾರು ಪಾಲು ಮಾತ್ರ. ಕಂಪನಿಯ ಲಾಭವಾಗಲಿ, ಸಾಲವಾಗಲಿ, ಆಡಳಿತದ ಗುಣವಾಗಲಿ ಈ ಅಂಕಿಯೊಳಗೆ ಎಲ್ಲಿಯೂ ಸೇರಿಲ್ಲವೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

15ನೆಯ ದಿನದಿಂದ ವೈಲ್ಡರ್ ಅವರು ಸೂಚಿಸಿದ ಸರಾಸರಿಯ ಕ್ರಮವನ್ನು ಅನುಸರಿಸಲಾಗುತ್ತದೆ. ಹಿಂದಿನ ಸರಾಸರಿಯನ್ನು 13ರಿಂದ ಗುಣಿಸಿ, ಆ ದಿನದ ಅಂಕಿಯನ್ನು ಕೂಡಿಸಿ, 14ರಿಂದ ಭಾಗಿಸಬೇಕು. ನಮ್ಮ ಷೇರು 15ನೆಯ ದಿನ 7 ರೂಪಾಯಿ ಇಳಿಯಿತೆಂದು ಭಾವಿಸಿದರೆ, ಸರಾಸರಿ ಏರಿಕೆ 2.39 ಆಗುತ್ತದೆ, ಸರಾಸರಿ ಇಳಿಕೆ 1.03 ಆಗುತ್ತದೆ, ಆರ್‌ಎಸ್‌ಐ ಸುಮಾರು 69.8ಕ್ಕೆ ಇಳಿಯುತ್ತದೆ. ಬೆಲೆ 228 ರೂಪಾಯಿಯಿಂದ 221 ರೂಪಾಯಿಗೆ, ಅಂದರೆ ಶೇಕಡಾ 3ರಷ್ಟು ಮಾತ್ರ ಇಳಿದಿದೆ. ಸೂಚಕವಾದರೋ 12 ಅಂಶಗಳಷ್ಟು ಕುಸಿದಿದೆ. ಸೂಚಕವು ಬೆಲೆಗಿಂತ ಹೆಚ್ಚು ಚಂಚಲ. ಒಂದು ದಿನದ ಏರಿಳಿತವನ್ನು ನೋಡಿ ಅವಸರಪಡಬಾರದೆಂಬುದಕ್ಕೆ ಇದೇ ಕಾರಣ.

70 ಮತ್ತು 30ರ ಗಡಿಗಳು

ಆರ್‌ಎಸ್‌ಐ 0ಯಿಂದ 100ರವರೆಗಿನ ಮಿತಿಯೊಳಗೆ ಚಲಿಸುತ್ತದೆ. 70ನ್ನು ಮೀರಿದರೆ ಷೇರು ಅತಿಯಾಗಿ ಖರೀದಿಗೊಳಗಾಗಿದೆ ಎಂದೂ, 30ಕ್ಕಿಂತ ಕೆಳಗಿಳಿದರೆ ಅತಿಯಾಗಿ ಮಾರಾಟಕ್ಕೊಳಗಾಗಿದೆ ಎಂದೂ ಹೇಳುವ ವಾಡಿಕೆಯಿದೆ. ಇದರಿಂದ 30ರಲ್ಲಿ ಕೊಳ್ಳಬೇಕು, 70ರಲ್ಲಿ ಮಾರಬೇಕು ಎಂಬ ಸುಲಭ ಸೂತ್ರವೊಂದು ಬಳಕೆಗೆ ಬಂದಿದೆ. ಈ ಸೂತ್ರ ಎಷ್ಟು ಅಪಾಯಕಾರಿಯಾಗಬಹುದೆಂಬುದಕ್ಕೆ 2020ನೆಯ ವರ್ಷದ ಎರಡು ಉದಾಹರಣೆಗಳನ್ನು ಪರಿಶೀಲಿಸೋಣ.

2020ರ ಫೆಬ್ರುವರಿ 28ರಂದು ಕೊರೋನಾ ಭೀತಿಯಿಂದ ನಿಫ್ಟಿ ಸೂಚ್ಯಂಕವು ಒಂದೇ ದಿನದಲ್ಲಿ 430 ಅಂಶಗಳಿಗಿಂತ ಹೆಚ್ಚು ಕುಸಿದು 11,201ರಲ್ಲಿ ಮುಕ್ತಾಯಗೊಂಡಿತು. ಆ ದಿನ 14 ದಿನಗಳ ಆರ್‌ಎಸ್‌ಐ 30ರ ಗಡಿಯಿಂದ ಕೆಳಗಿತ್ತು. ಸೂತ್ರದ ಪ್ರಕಾರ ಅದು ಕೊಳ್ಳುವ ಕಾಲ. ಆದರೆ ಮಾರ್ಚ್ 23ರಂದು ನಿಫ್ಟಿ 7,610ರಲ್ಲಿ ಮುಕ್ತಾಯವಾಯಿತು. ಫೆಬ್ರುವರಿ 28ರಂದು ಸೂಚ್ಯಂಕದ ಮಟ್ಟದಲ್ಲಿ 1 ಲಕ್ಷ ರೂಪಾಯಿ ಹೂಡಿದವನ ಹಣ ನಾಲ್ಕು ವಾರಗಳೊಳಗೆ ಸುಮಾರು 68 ಸಾವಿರಕ್ಕೆ ಇಳಿದಿತ್ತು. ಸೂಚ್ಯಂಕವು ಫೆಬ್ರುವರಿ 28ರ ಮಟ್ಟಕ್ಕೆ ಮರಳಲು ಜುಲೈ ತಿಂಗಳ ಉತ್ತರಾರ್ಧದವರೆಗೆ ಕಾಯಬೇಕಾಯಿತು. ಲಾಕ್‌ಡೌನಿನ ಆ ತಿಂಗಳುಗಳಲ್ಲಿ ಅಂಗಡಿಗಳು ಮುಚ್ಚಿದ್ದವು; ಬಾಕಿ ವಸೂಲಾಗುತ್ತಿರಲಿಲ್ಲ. ಐದು ತಿಂಗಳು ಕಾಯಬಲ್ಲವನಿಗೆ ನಷ್ಟವಾಗಲಿಲ್ಲ. ಏಪ್ರಿಲ್‌ನಲ್ಲಿ ಸಂಬಳ ಮತ್ತು ಬಾಡಿಗೆ ಕೊಡಬೇಕಾಗಿದ್ದವನಿಗೆ ಕಾಯುವ ಆಯ್ಕೆಯೇ ಇರಲಿಲ್ಲ.

ಎರಡನೆಯ ಉದಾಹರಣೆ ಇದಕ್ಕೆ ವಿರುದ್ಧವಾದುದು. ಅದೇ ವರ್ಷದ ನವೆಂಬರ್ 11ರಂದು ನಿಫ್ಟಿ ಸುಮಾರು 12,750ರಲ್ಲಿತ್ತು. ಆರ್‌ಎಸ್‌ಐ 70ನ್ನು ದಾಟಿತ್ತು. ಸೂತ್ರವನ್ನು ನಂಬಿ ಮಾರಿದವನು ನಂತರದ ಏರಿಕೆಯನ್ನು ಕಳೆದುಕೊಂಡನು. ಡಿಸೆಂಬರ್ ಅಂತ್ಯಕ್ಕೆ ಸೂಚ್ಯಂಕ 13,981ಕ್ಕೆ ಏರಿತ್ತು; 2021ರ ಫೆಬ್ರುವರಿಯಲ್ಲಿ 15,000ವನ್ನು ಮೀರಿತು.

ಈ ಎರಡು ಪ್ರಸಂಗಗಳಲ್ಲಿ ಸೂಚಕವು ತಪ್ಪು ಹೇಳಲಿಲ್ಲ. ಮೊದಲನೆಯದರಲ್ಲಿ ಇಳಿಕೆ ರಭಸವಾಗಿದೆ ಎಂದಿತು. ಎರಡನೆಯದರಲ್ಲಿ ಏರಿಕೆ ರಭಸವಾಗಿದೆ ಎಂದಿತು. ಎರಡೂ ನಿಜವಾಗಿದ್ದವು. ರಭಸ ಹೆಚ್ಚಾಗಿದೆ ಎಂಬ ಮಾತನ್ನು ರಭಸ ಮುಗಿಯಿತು ಎಂದು ಅರ್ಥೈಸಿದ್ದು ಬಳಸಿದವರ ದೋಷ.

ಸರಿಯಾದ ಬಳಕೆಯ ನಿಯಮಗಳು

1. ಮೊದಲು ದೀರ್ಘಾವಧಿಯ ದಿಕ್ಕನ್ನು ನೋಡಬೇಕು. 200 ದಿನಗಳ ಸರಾಸರಿ ಬೆಲೆಗಿಂತ ಮೇಲಿರುವ ಷೇರಿನಲ್ಲಿ ಆರ್‌ಎಸ್‌ಐ 30ಕ್ಕೆ ಇಳಿಯುವುದು ವಿರಳ. 40ರ ಆಸುಪಾಸಿನಿಂದಲೇ ಅದು ಹಲವು ವೇಳೆ ಮೇಲಕ್ಕೆ ತಿರುಗುತ್ತದೆ. ಇಳಿಮುಖವಾಗಿರುವ ಷೇರಿನಲ್ಲಿ 60ರ ಆಸುಪಾಸಿಗೆ ಏರಿದೊಡನೆಯೇ ಬಲ ಕುಗ್ಗುವುದು ಸಾಮಾನ್ಯ. ಆದುದರಿಂದ ಎಲ್ಲ ಕಾಲಕ್ಕೂ ಎಲ್ಲ ಷೇರುಗಳಿಗೂ ಒಂದೇ ಗಡಿ ಅನ್ವಯಿಸುವುದಿಲ್ಲ.

2. ಗಡಿಯನ್ನು ಮುಟ್ಟಿದೊಡನೆ ಕೊಳ್ಳಬಾರದು. ಗಡಿಯಿಂದ ಹಿಂದಿರುಗುವುದನ್ನು ಕಾಯಬೇಕು. ಆರ್‌ಎಸ್‌ಐ 30ರ ಕೆಳಗಿಳಿದು, ಮತ್ತೆ 30ನ್ನು ಮೇಲ್ಮುಖವಾಗಿ ದಾಟಿದ ಮೇಲೆ ಕೊಳ್ಳುವವನು ಅತ್ಯಂತ ಕಡಿಮೆ ಬೆಲೆಯನ್ನು ಕಳೆದುಕೊಳ್ಳಬಹುದು. ಆದರೆ ಬೀಳುತ್ತಿರುವ ಚೂರಿಯನ್ನು ಹಿಡಿಯುವ ಸಾಹಸದಿಂದ ಬಹುಮಟ್ಟಿಗೆ ಪಾರಾಗುತ್ತಾನೆ.

3. ಬೆಲೆಗೂ ಸೂಚಕಕ್ಕೂ ಇರುವ ಭಿನ್ನತೆಯನ್ನು ಗಮನಿಸಬೇಕು. ಷೇರು 250 ರೂಪಾಯಿಗೆ ಏರಿದಾಗ ಆರ್‌ಎಸ್‌ಐ 78 ಇತ್ತೆಂದೂ, 235ಕ್ಕೆ ಇಳಿದು ಪುನಃ 258ಕ್ಕೆ ಏರಿದಾಗ 66 ಮಾತ್ರ ಇತ್ತೆಂದೂ ಭಾವಿಸಿರಿ. ಬೆಲೆ ಹೊಸ ಎತ್ತರಕ್ಕೆ ತಲುಪಿದೆ, ಆವೇಗ ತಲುಪಿಲ್ಲ. ಮೇಲಕ್ಕೆ ಎಸೆದ ಚೆಂಡಿನ ವೇಗ ಇಳಿಯುತ್ತಿದೆ. ವೈಲ್ಡರ್ ಅವರು ಹೆಚ್ಚಿನ ಮಹತ್ವ ನೀಡಿದ ಸೂಚನೆಗಳಲ್ಲಿ ಇದೂ ಒಂದು. ಇಂತಹ ಸಂದರ್ಭದಲ್ಲಿ ಹೊಸ ಖರೀದಿಯನ್ನು ನಿಲ್ಲಿಸುವುದು, ಇರುವ ಷೇರುಗಳಲ್ಲಿ ಒಂದು ಭಾಗವನ್ನು ಮಾರುವುದು ವಿವೇಕದ ಕ್ರಮ.

4. ಕೊಳ್ಳುವ ಮುನ್ನವೇ ಹೊರಬರುವ ಬೆಲೆಯನ್ನು ನಿರ್ಧರಿಸಿ ಬರೆದಿಡಬೇಕು. 221 ರೂಪಾಯಿಗೆ ಕೊಂಡ ಷೇರು 208ಕ್ಕಿಂತ ಕೆಳಗೆ ಮುಕ್ತಾಯವಾದರೆ ಮಾರಲಾಗುವುದು ಎಂದು ಮೊದಲೇ ಬರೆದಿಟ್ಟವನಿಗೆ ನಷ್ಟದ ಮಿತಿ ತಿಳಿದಿರುತ್ತದೆ. ಆರ್‌ಎಸ್‌ಐ ಈ ಮಿತಿಯನ್ನು ಹಾಕಿಕೊಡುವುದಿಲ್ಲ. ಅದನ್ನು ವರ್ತಕನೇ ಹಾಕಿಕೊಳ್ಳಬೇಕು.

5. ವಹಿವಾಟು ವಿರಳವಾಗಿರುವ ಷೇರುಗಳಲ್ಲಿ ಈ ಸೂಚಕವನ್ನು ನಂಬಬಾರದು. ದಿನಕ್ಕೆ ಕೆಲವು ನೂರು ಷೇರುಗಳು ಮಾತ್ರ ಕೈಬದಲಾಗುವಲ್ಲಿ ಒಬ್ಬಿಬ್ಬರ ವ್ಯವಹಾರವೇ ಆರ್‌ಎಸ್‌ಐಯನ್ನು ಏರಿಳಿಸಬಲ್ಲದು. ಅಲ್ಲದೆ ಬೆಲೆಯು ದಿನದ ಕೆಳಮಿತಿಯನ್ನು ಮುಟ್ಟಿ ಕೊಳ್ಳುವವರೇ ಇಲ್ಲದಾದಾಗ, ಹೊರಬರುವ ಬೆಲೆಯನ್ನು ಬರೆದಿಟ್ಟಿದ್ದರೂ ಪ್ರಯೋಜನವಾಗುವುದಿಲ್ಲ.

6. ಬೋನಸ್ ಷೇರು ಮತ್ತು ಮುಖಬೆಲೆಯ ವಿಭಜನೆಗೆ ಹೊಂದಿಸಿದ ಬೆಲೆಗಳನ್ನೇ ಬಳಸಬೇಕು. ಬೆಂಗಳೂರಿನ ಇನ್ಫೋಸಿಸ್ ಕಂಪನಿಯು 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೆ ಒಂದರಂತೆ ಬೋನಸ್ ನೀಡಿದಾಗ ಷೇರಿನ ಪೇಟೆ ಬೆಲೆ ಸುಮಾರು ಅರ್ಧವಾಯಿತು. ಷೇರುದಾರನ ಸಂಪತ್ತು ಅರ್ಧವಾಗಲಿಲ್ಲ. ಹಳೆಯ ಬೆಲೆಗಳನ್ನು ಹೊಂದಿಸದೆ ಲೆಕ್ಕ ಹಾಕಿದರೆ ಆರ್‌ಎಸ್‌ಐ ಭಾರೀ ಕುಸಿತವನ್ನು ತೋರಿಸಿ ದಾರಿ ತಪ್ಪಿಸುತ್ತದೆ.

ಲಾಭದಲ್ಲಿ ಕೈಗೆ ಉಳಿಯುವುದೆಷ್ಟು?

ಸೂಚಕದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ವೆಚ್ಚದ ವಿಷಯ ಬರುವುದು ಕಡಿಮೆ. ಲೆಕ್ಕಪತ್ರದ ದೃಷ್ಟಿಯಿಂದ ಇದೇ ಮುಖ್ಯ. ಆರ್‌ಎಸ್‌ಐ ಸೂಚನೆಯಂತೆ 1,00,000 ರೂಪಾಯಿಯ ಷೇರು ಕೊಂಡು, ಎರಡು ತಿಂಗಳ ನಂತರ 1,04,000 ರೂಪಾಯಿಗೆ ಮಾರಿದ ವರ್ತಕನ ಲೆಕ್ಕವನ್ನು ನೋಡೋಣ. ದಲ್ಲಾಳಿ ಶುಲ್ಕವನ್ನು ಎರಡೂ ಕಡೆ ಶೇಕಡಾ 0.25 ಎಂದು ಭಾವಿಸಲಾಗಿದೆ. ಇದು ದಲ್ಲಾಳಿಯಿಂದ ದಲ್ಲಾಳಿಗೆ ಬದಲಾಗುತ್ತದೆ.

ಒಟ್ಟು ಲಾಭ: 4,000 ರೂಪಾಯಿ
ಷೇರು ವಹಿವಾಟು ತೆರಿಗೆ, ಎರಡೂ ಕಡೆ ಶೇಕಡಾ 0.1ರಂತೆ: 204
ದಲ್ಲಾಳಿ ಶುಲ್ಕ: 510
ಅದರ ಮೇಲೆ ಶೇಕಡಾ 18 ಜಿಎಸ್‌ಟಿ: 92
ಖರೀದಿಯ ಮೇಲೆ ಶೇಕಡಾ 0.015 ಮುದ್ರಾಂಕ ಶುಲ್ಕ: 15
ಅಲ್ಪಾವಧಿ ಬಂಡವಾಳ ಲಾಭದ ತೆರಿಗೆ, ಸೆಸ್ ಸೇರಿ: 704
ಉಳಿಕೆ: 2,475 ರೂಪಾಯಿ

ಈ ಪಟ್ಟಿಯಲ್ಲಿ ಎರಡು ಅಂಶಗಳನ್ನು ವಿವರಿಸಬೇಕು. ಒಂದು ವರ್ಷ ಮೀರದೆ ಮಾರಿದ, ವಹಿವಾಟು ತೆರಿಗೆ ಪಾವತಿಯಾದ ಪಟ್ಟಿಯ ಷೇರುಗಳ ಲಾಭದ ಮೇಲಿನ ತೆರಿಗೆಯ ದರವನ್ನು 2024ರ ಜುಲೈ 23ರಿಂದ ಶೇಕಡಾ 15ರಿಂದ 20ಕ್ಕೆ ಏರಿಸಲಾಗಿದೆ. ಎರಡನೆಯದಾಗಿ, ಬಂಡವಾಳ ಲಾಭವನ್ನು ಲೆಕ್ಕ ಹಾಕುವಾಗ ಷೇರು ವಹಿವಾಟು ತೆರಿಗೆಯನ್ನು ಕಳೆಯಲು ಅವಕಾಶವಿಲ್ಲ. ಆದುದರಿಂದ ಮೇಲಿನ ಉದಾಹರಣೆಯಲ್ಲಿ ತೆರಿಗೆಗೆ ಒಳಪಡುವ ಲಾಭ 3,179 ಅಲ್ಲ, 3,383 ರೂಪಾಯಿ. ವಿನಿಮಯ ಕೇಂದ್ರದ ಶುಲ್ಕ, ಡಿಮ್ಯಾಟ್ ಶುಲ್ಕಗಳನ್ನು ಇಲ್ಲಿ ಸೇರಿಸಿಲ್ಲ. ಅವೂ ಸೇರಿದರೆ ಉಳಿಕೆ ಇನ್ನಷ್ಟು ಕಡಿಮೆಯಾಗುತ್ತದೆ. ಲಾಭ ಬಂದ ವ್ಯವಹಾರದಲ್ಲಿಯೇ ಶೇಕಡಾ 38ರಷ್ಟು ಹೊರಟುಹೋಯಿತು. ನಷ್ಟವಾದ ವ್ಯವಹಾರದಲ್ಲಿ ತೆರಿಗೆ ಇರುವುದಿಲ್ಲವಾದರೂ ಉಳಿದ ವೆಚ್ಚಗಳು ತಪ್ಪುವುದಿಲ್ಲ.

ಅದೇ ದಿನ ಕೊಂಡು ಅದೇ ದಿನ ಮಾರುವ ವ್ಯವಹಾರಕ್ಕೆ ಬೇರೆಯೇ ನಿಯಮವಿದೆ. ಅದರ ಲಾಭ ಊಹಾತ್ಮಕ ವ್ಯವಹಾರದ ಆದಾಯ. ಸಾಮಾನ್ಯ ದರದಲ್ಲಿ ತೆರಿಗೆ. ಅದರ ನಷ್ಟವನ್ನು ಅಂಗಡಿಯ ಅಥವಾ ಕಾರ್ಖಾನೆಯ ಲಾಭದೊಂದಿಗೆ ಹೊಂದಿಸಲಾಗದು. ಊಹಾತ್ಮಕ ಲಾಭದೊಂದಿಗೆ ಮಾತ್ರ, ಅದೂ ನಾಲ್ಕು ವರ್ಷಗಳ ಮಿತಿಯೊಳಗೆ, ಹೊಂದಿಸಬೇಕು. ಇಂತಹ ವ್ಯವಹಾರ ನಡೆಸಿದವರು ಆದಾಯ ವಿವರಪಟ್ಟಿಯ ಸರಳ ನಮೂನೆಯನ್ನು ಬಳಸುವಂತಿಲ್ಲವಾದ್ದರಿಂದ ಮೊದಲೇ ತಮ್ಮ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸುವುದು ಒಳಿತು.

ದಿನವಹಿ ವ್ಯವಹಾರದ ಫಲಿತಾಂಶವೂ ಉತ್ತೇಜನಕಾರಿಯಾಗಿಲ್ಲ. ಸೆಬಿಯು 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಂತೆ 2022-23ರಲ್ಲಿ ನಗದು ವಿಭಾಗದಲ್ಲಿ ದಿನವಹಿ ವ್ಯವಹಾರ ನಡೆಸಿದ ಪ್ರತಿ 10 ವ್ಯಕ್ತಿಗಳಲ್ಲಿ 7 ಮಂದಿ ನಷ್ಟ ಅನುಭವಿಸಿದ್ದರು. ವಾಯಿದೆ ಮತ್ತು ಆಯ್ಕೆ ವಿಭಾಗದಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿಗೆ ನಷ್ಟವಾಗಿತ್ತೆಂದು ಅದೇ ವರ್ಷದ ಸೆಪ್ಟೆಂಬರ್‌ನ ಮತ್ತೊಂದು ಅಧ್ಯಯನ ತಿಳಿಸಿತು. ಇವರಿಗೆ ಸೂಚಕಗಳ ಕೊರತೆಯಿರಲಿಲ್ಲ. ಆರ್‌ಎಸ್‌ಐ ಎಲ್ಲ ನಕ್ಷೆಗಳಲ್ಲಿಯೂ ಉಚಿತವಾಗಿ ದೊರೆಯುತ್ತದೆ.

ಯಾರ ಹಣ?

ವರ್ತಕನಿಗೂ ಸಂಬಳದಾರನಿಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಸಂಬಳದಾರನು ಹೂಡುವುದು ತಿಂಗಳ ಉಳಿತಾಯವನ್ನು. ವರ್ತಕನ ಕೈಯಲ್ಲಿರುವ ಹಣ ಬಹುತೇಕ ದುಡಿಯುವ ಬಂಡವಾಳ: ಅದರಲ್ಲಿ ಸರಕು ಕೊಟ್ಟವರ ಬಾಕಿ, ಜಿಎಸ್‌ಟಿಯಾಗಿ ಕಟ್ಟಬೇಕಾದ ಮೊತ್ತ, ಬ್ಯಾಂಕಿನ ಓವರ್‌ಡ್ರಾಫ್ಟ್ ಎಲ್ಲವೂ ಬೆರೆತಿರುತ್ತವೆ. ಖಾತೆಯಲ್ಲಿ ಹಣ ಕಂಡ ಮಾತ್ರಕ್ಕೆ ಅದು ಉಳಿಕೆಯ ಹಣವಾಗುವುದಿಲ್ಲ.

ಮೇಲಿನ ಉದಾಹರಣೆಯ 1 ಲಕ್ಷ ರೂಪಾಯಿ ಶೇಕಡಾ 11 ಬಡ್ಡಿಯ ಓವರ್‌ಡ್ರಾಫ್ಟಿನಿಂದ ಬಂದಿದ್ದರೆ 60 ದಿನಗಳ ಬಡ್ಡಿ 1,808 ರೂಪಾಯಿ. ಉಳಿದಿದ್ದ 2,475ರಲ್ಲಿ ಇದನ್ನು ಕಳೆದರೆ 667 ರೂಪಾಯಿ ಮಾತ್ರ. ವ್ಯಾಪಾರಕ್ಕೆ ಬಳಸದ ಸಾಲದ ಈ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ತೋರಿಸುವಂತೆಯೂ ಇಲ್ಲ. ದಾಸ್ತಾನಿನ ಭದ್ರತೆಯ ಮೇಲೆ ಪಡೆದ ಸಾಲವನ್ನು ಷೇರಿಗೆ ತಿರುಗಿಸುವುದು ಮಂಜೂರಾತಿಯ ಷರತ್ತುಗಳ ಉಲ್ಲಂಘನೆಯೂ ಆಗುತ್ತದೆ.

ಇನ್ನೊಂದು ಹೋಲಿಕೆಯನ್ನೂ ಮಾಡಬೇಕು. ವರ್ಷಕ್ಕೆ ಆರು ಬಾರಿ ಸುತ್ತುವ ಬಂಡವಾಳವು ಪ್ರತಿ ಸುತ್ತಿಗೆ ಬಡ್ಡಿ ಕಳೆದು ಶೇಕಡಾ 4 ಲಾಭ ಕೊಡುವುದಾದರೆ, ಅದೇ 1 ಲಕ್ಷ ರೂಪಾಯಿ ಅದೇ ಎರಡು ತಿಂಗಳಲ್ಲಿ ಸ್ವಂತ ಅಂಗಡಿಯಲ್ಲಿ, ಆದಾಯ ತೆರಿಗೆಗೆ ಮುನ್ನ, 4,000 ರೂಪಾಯಿ ಗಳಿಸುತ್ತಿತ್ತು. ಪ್ರತಿಯೊಬ್ಬ ವರ್ತಕನೂ ತನ್ನ ಲೆಕ್ಕಪುಸ್ತಕದಿಂದ ಈ ಅಂಕಿಯನ್ನು ತೆಗೆದುನೋಡಬೇಕು. ತನ್ನ ಬಂಡವಾಳ ತನ್ನಲ್ಲಿಯೇ ಎಷ್ಟು ದುಡಿಯುತ್ತಿದೆ ಎಂಬುದನ್ನು ಅರಿಯದೆ ಷೇರಿನ ಲಾಭವನ್ನು ಲಾಭವೆಂದು ಕರೆಯುವುದು ಸರಿಯಲ್ಲ.

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡ ಸರಕಿನ ಹಣವನ್ನು ಕಾಯಿದೆಯ ಅವಧಿಯೊಳಗೆ, ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳಲ್ಲಿ, ಪಾವತಿಸದಿದ್ದರೆ ಆ ವೆಚ್ಚವನ್ನು ಪಾವತಿಯಾದ ವರ್ಷದಲ್ಲಿ ಮಾತ್ರ ಕಳೆಯಲು ಅವಕಾಶವೆಂಬ ನಿಯಮ 2023-24ನೆಯ ಹಣಕಾಸು ವರ್ಷದಿಂದ ಜಾರಿಯಲ್ಲಿದೆ. ಮಾರ್ಚ್ ತಿಂಗಳಲ್ಲಿ ನಷ್ಟದಲ್ಲಿರುವ ಷೇರನ್ನು ಮಾರಲು ಮನಸ್ಸಿಲ್ಲದೆ ಸರಬರಾಜುದಾರನ ಪಾವತಿಯನ್ನು ಮುಂದೂಡುವವನು ಷೇರಿನ ನಷ್ಟದ ಜೊತೆಗೆ ತೆರಿಗೆಯ ಹೊರೆಯನ್ನೂ ಹೊರಬೇಕಾಗುತ್ತದೆ. ಹಣ ಸಿಗದೆ ಕಾಯುವ ಆ ಸರಬರಾಜುದಾರನೂ ನಮ್ಮಂತಹ ಒಬ್ಬ ಸಣ್ಣ ಉದ್ಯಮಿಯೇ ಆಗಿರುತ್ತಾನೆ.

ಆರಂಭಿಸುವವರಿಗೆ ಒಂದು ಸಲಹೆ

ಆರ್‌ಎಸ್‌ಐ ಬಳಸಲು ಇಚ್ಛಿಸುವವರು ಮೊದಲು ಹಣ ಹೂಡದೆ 20 ವ್ಯವಹಾರಗಳನ್ನು ಕಾಗದದ ಮೇಲೆ ನಡೆಸಬೇಕು. ಒಂದು ಪ್ರತ್ಯೇಕ ಪುಸ್ತಕದಲ್ಲಿ ಈ ಅಂಕಣಗಳಿರಲಿ: ದಿನಾಂಕ, ಷೇರಿನ ಹೆಸರು, ಖರೀದಿಯ ಬೆಲೆ, ಆ ದಿನದ ಆರ್‌ಎಸ್‌ಐ, 200 ದಿನಗಳ ಸರಾಸರಿ, ಕೊಳ್ಳಲು ಕಾರಣ, ಹೊರಬರುವ ಬೆಲೆ, ಮಾರಾಟದ ದಿನಾಂಕ ಮತ್ತು ಬೆಲೆ, ವೆಚ್ಚ ಹಾಗೂ ತೆರಿಗೆ ಕಳೆದ ಉಳಿಕೆ. 20 ವ್ಯವಹಾರಗಳ ನಂತರ ಒಟ್ಟು ಉಳಿಕೆಯನ್ನು, ಅದೇ ಅವಧಿಯಲ್ಲಿ ಒಂದು ನಿಫ್ಟಿ ಸೂಚ್ಯಂಕ ನಿಧಿಯು ನೀಡಿದ ಗಳಿಕೆಯೊಂದಿಗೂ ಸ್ವಂತ ವ್ಯಾಪಾರದ ಗಳಿಕೆಯೊಂದಿಗೂ ಹೋಲಿಸಿ ನೋಡಬೇಕು. ಇವೆರಡಕ್ಕಿಂತ ಹೆಚ್ಚು ದೊರೆತಿದ್ದರೆ, ಒಂದು ವರ್ಷದವರೆಗೆ ವ್ಯಾಪಾರಕ್ಕಾಗಲಿ ಮನೆಗಾಗಲಿ ಬೇಕಾಗದ ಹಣದಿಂದ ಮಾತ್ರ ಆರಂಭಿಸಬಹುದು. ಈ ವ್ಯವಹಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯಿರುವುದು ಅವಶ್ಯಕ. ವ್ಯಾಪಾರದ ಖಾತೆಯಿಂದ ಅದಕ್ಕೆ ನಡುವೆ ಹಣ ಸೇರಿಸಬಾರದೆಂಬ ನಿಯಮವನ್ನು ಪಾಲುದಾರರೆಲ್ಲರೂ ಸೇರಿ ಮಾಡಿಕೊಳ್ಳಬೇಕು.

ಆರ್‌ಎಸ್‌ಐ ಉಪಯುಕ್ತವಾದ ಅಳತೆಗೋಲು. ಎಲ್ಲರೂ ಧಾವಿಸುತ್ತಿರುವಾಗ ಬೆಲೆಯ ರಭಸ ಹೆಚ್ಚಾಗಿದೆ ಎಂದು ಅದು ಎಚ್ಚರಿಸುತ್ತದೆ. ಏರುತ್ತಿರುವ ಬೆಲೆಯ ಹಿಂದೆ ಬಲ ಕುಗ್ಗುತ್ತಿರುವುದನ್ನು ತೋರಿಸುತ್ತದೆ. ಆದರೆ ಕೊಳ್ಳತಕ್ಕ ಷೇರು ಯಾವುದು, ಹೂಡತಕ್ಕ ಹಣ ಯಾವುದು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಮೊದಲನೆಯದಕ್ಕೆ ಕಂಪನಿಯ ವಾರ್ಷಿಕ ವರದಿಯನ್ನು ಓದಬೇಕು. ಎರಡನೆಯದಕ್ಕೆ ತನ್ನ ಆಸ್ತಿ-ಹೊಣೆ ಪಟ್ಟಿಯನ್ನು ಓದಬೇಕು. ಇವೆರಡನ್ನೂ ಓದಿದ ಮೇಲೆ ಆರ್‌ಎಸ್‌ಐಯನ್ನು ನೋಡುವ ಕ್ರಮವನ್ನು ರೂಢಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ.